ಯಾವ ಹಡಗು ಯಾರಿಗೆ

ನಾನು ಕೆಲಸ ಮಾಡುತ್ತಿದ್ದ ಟ್ರಾವೆಲ್ಸ್ ಆಫೀಸಿಗೆ ಹೊಸದಾಗಿ ಸೇರಿರುವ ಮೇಘನಾ ಹೋದ ವಾರ ಬಸವೇಶ್ವರನಗರದ ನಮ್ಮ ಮನೆಗೆ ಬಂದಿದ್ದಳು. ಬಗಲಲ್ಲಿ ಲ್ಯಾಪ್‌ಟಾಪು, ಅದರೊಳಗೊಂದು ಪಟ್ಟಿ. ಮೇಲ್ಗಡೆ ಮೂರು ಹಡಗುಗಳ ಹೆಸರು. ಎಡಗಡೆ ಕ್ಯಾಬಿನ್, ಊಟ, ಈಜುಕೊಳ, ಮನರಂಜನೆ, ಒಳಾಂಗಣ ಎಂಬ ಸಾಲುಗಳು. ಒಂದೊಂದು ಖಾನೆಗೂ ಐದರಲ್ಲಿ ಎಷ್ಟು ನಕ್ಷತ್ರ ಎಂದು ನಾನು ಹೇಳಿದರೆ ಮುಗಿಯಿತು, ಪಟ್ಟಿ ಗಿರಾಕಿಗಳ ಮೊಬೈಲಿಗೆ ಹೋಗುತ್ತದಂತೆ. ಅರ್ಧ ಗಂಟೆಯ ಕೆಲಸ ಎಂದುಕೊಂಡು ಬಂದಿದ್ದಳು ಪಾಪ. ಎರಡು ಸಲ ಕಾಫಿ, ಒಂದು ಸಲ ಉಪ್ಪಿಟ್ಟು ಆದಮೇಲೂ ನನ್ನಿಂದ ಒಂದು ನಕ್ಷತ್ರವೂ ಉದುರಲಿಲ್ಲ. ಬರೆದು ಕೊಡುತ್ತೇನೆ ಎಂದು ಹೇಳಿ ಕಳಿಸಿದೆ. ಅವಳ ಹಾಗೆ ಈ ಕೆಲಸಕ್ಕೆ ಬರುವ ಉಳಿದವರೂ ಓದಲಿ ಎಂದು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಕ್ಷತ್ರ ಯಾಕೆ ಕೊಡಲಿಲ್ಲ ಎಂದು ಹೇಳಬೇಕಾದರೆ ವೆಂಕಟರಾಮಯ್ಯನವರು ಮತ್ತು ಸರೋಜಮ್ಮನವರ ವಿಷಯ ಹೇಳಬೇಕು. ವಿಜಯನಗರದ ದಂಪತಿ. ವೆಂಕಟರಾಮಯ್ಯನವರು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಮೇಘನಾಳ ಪಟ್ಟಿಯಲ್ಲಿರುವ ಮೂರೂ ಹಡಗುಗಳನ್ನು ನನ್ನ ಜೊತೆ ಹತ್ತಿದ ಗಂಡ ಹೆಂಡತಿ ಎಂದರೆ ಇವರಿಬ್ಬರೇ. ಮೂರನೆಯದನ್ನು ಹತ್ತುವ ಹೊತ್ತಿಗೆ ವೆಂಕಟರಾಮಯ್ಯನವರಿಗೆ ಮರೆವಿನ ಕಾಯಿಲೆ ಹಿಡಿದಿತ್ತು. ಗಂಡನಿಗೆ ತನ್ನ ಗುರುತು ಇರುವಾಗಲೇ ಇನ್ನೊಂದು ಸಲ ಜೊತೆಯಾಗಿ ಸಮುದ್ರ ನೋಡಿ ಬರಬೇಕು ಎಂಬುದೊಂದೇ ಸರೋಜಮ್ಮನವರ ಆಸೆ. ಯಾವ ಹಡಗು ಎಂದು ಆರಿಸಿಕೊಟ್ಟವಳು ನಾನು. ನಕ್ಷತ್ರ ಯಾವುದಕ್ಕೆ ಹೆಚ್ಚೋ ಅದನ್ನೇ ಆರಿಸಿದೆ. ಹದಿನೆಂಟು ವರ್ಷದ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು.

ಮೊದಲು ಕೆಲಸ ಏನು ಎಂದು ಹೇಳುತ್ತೇನೆ. ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಮಹಡಿ ನಮ್ಮ ಆಫೀಸು. ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆಯ ಮೂವತ್ತು ನಲವತ್ತು ಜನರನ್ನು ಒಟ್ಟು ಮಾಡಿ, ಮುಂಬೈಗೋ ಸಿಂಗಪುರಕ್ಕೋ ಕರೆದುಕೊಂಡು ಹೋಗಿ ಹಡಗು ಹತ್ತಿಸಿ, ನಾಲ್ಕೈದು ದಿನ ಸಮುದ್ರದ ಮೇಲೆ ಸುತ್ತಾಡಿಸಿ, ತಿರುಗಿ ಅವರವರ ಮನೆ ಮುಂದೆ ಇಳಿಸಬೇಕು. ಕಾರ್ಡಿನಲ್ಲಿ ಟೂರ್ ಮ್ಯಾನೇಜರ್ ನಾಗರತ್ನ ಎಂದು ಅಚ್ಚಾಗಿತ್ತು. ಮ್ಯಾನೇಜು ಮಾಡುವುದು ಎಂದರೆ ತಲೆ ಎಣಿಸುವುದು. ಕೆಂಗೇರಿಯಲ್ಲಿ ಬಸ್ಸು ಹೊರಟಾಗ ಒಂದು ಸಲ, ದೀಪಾಂಜಲಿ ನಗರದ ಮೆಟ್ರೋ ಹತ್ತಿರ ಒಂದು ಸಲ, ಏರ್‌ಪೋರ್ಟಿನಲ್ಲಿ ನಾಲ್ಕು ಸಲ, ಆಮೇಲೆ ಊಟಕ್ಕೊಂದು ಸಲ. ಮನೆಗೆ ಬಂದಮೇಲೂ ಮದುವೆ ಮನೆಯ ಪಂಕ್ತಿಯಲ್ಲಿ ಕೂತವರನ್ನು ಎಣಿಸಿ ಮಗಳ ಕೈಲಿ ಬೈಸಿಕೊಂಡಿದ್ದೇನೆ.

ಹಡಗಿನ ಕಂಪನಿ ಒಂದೇ, ಹಡಗು ಮೂರು. ಅವುಗಳ ಇಂಗ್ಲಿಷ್ ಹೆಸರು ನಮ್ಮ ಗಿರಾಕಿಗಳ ಬಾಯಲ್ಲಿ ನಿಲ್ಲುತ್ತಿರಲಿಲ್ಲವಾದ್ದರಿಂದ ಆಫೀಸಿನಲ್ಲಿ ನಾವೇ ಹೆಸರಿಟ್ಟಿದ್ದೆವು. ಹಳೆಯದು ಅಜ್ಜಿ, ನಡುವಿನದು ಚಿಕ್ಕಮ್ಮ, ಕೊನೆಗೆ ಬಂದದ್ದು ಸೊಸೆ. ನಮ್ಮ ಯಜಮಾನರು ಮಂಜುನಾಥ್ ಸಾರ್ ಮೊದಮೊದಲು ಇದು ಮರ್ಯಾದೆಯಲ್ಲ ಎಂದು ಸಿಡುಕುತ್ತಿದ್ದರು. ಆಮೇಲೆ ಅವರೇ ಫೋನಿನಲ್ಲಿ "ಅಜ್ಜಿ ಫುಲ್ ಆಗಿದೆ, ಚಿಕ್ಕಮ್ಮನಲ್ಲಿ ಎರಡು ರೂಮ್ ಕೊಡ್ಲಾ?" ಎಂದು ಕೇಳುತ್ತಿದ್ದರು.

ಅಜ್ಜಿ ಮುಂಬೈಯಿಂದ ಗೋವಾಕ್ಕೆ ಹೋಗಿ ಬರುತ್ತಿದ್ದಳು. ಆರೇ ಅಂತಸ್ತು. ಡೆಕ್ಕಿಗೆ ಮರದ ಹಲಗೆ, ಮೆಟ್ಟಿಲಿಗೆ ಹಿತ್ತಾಳೆಯ ಹಿಡಿಕೆ. ಬೆಳಿಗ್ಗೆ ಒಬ್ಬ ಮನುಷ್ಯ ಅದನ್ನು ಉಜ್ಜುತ್ತಾ ಕೆಳಗಿನಿಂದ ಮೇಲಕ್ಕೆ ಬಂದರೆ ಸಂಜೆಯ ಹೊತ್ತಿಗೆ ಇನ್ನೊಬ್ಬ ಮೇಲಿನಿಂದ ಕೆಳಕ್ಕೆ ಹೋಗುತ್ತಿದ್ದ. ಈಜುಕೊಳ ನಮ್ಮ ಮನೆಯ ನೀರಿನ ತೊಟ್ಟಿಗಿಂತ ಸ್ವಲ್ಪ ದೊಡ್ಡದು. ಊಟದ ಮನೆ ಒಂದೇ, ಮೊದಲ ದಿನ ಕೂತ ಮೇಜೇ ಕೊನೆಯ ದಿನದವರೆಗೆ. ರಿಪೇರಿ ಬೇರೆ ಬೇರೆ ವರ್ಷ ಆಗಿದ್ದರಿಂದ ಒಂದೊಂದು ಅಂತಸ್ತಿಗೆ ಒಂದೊಂದು ಬಣ್ಣದ ಕಾರ್ಪೆಟ್: ಕೆಂಪು, ಹಸಿರು, ನೀಲಿ. ರೂಮಿನ ಬೀಗದ ಕೈಗೆ ಅಂಗೈಯಗಲದ ಹಿತ್ತಾಳೆ ಬಿಲ್ಲೆ, ಅದರ ಮೇಲೆ ನಂಬರು. ಗೋವಾದ ಫ್ರಾನ್ಸಿಸ್ ಎಂಬ ಸ್ಟೂವರ್ಡ್ ನಮ್ಮ ಕ್ಯಾಬಿನ್‌ಗಳನ್ನು ನೋಡಿಕೊಳ್ಳುತ್ತಿದ್ದ. ಯಾರು ರಾತ್ರಿ ಬಿಸಿನೀರು ಕೇಳುತ್ತಾರೆ, ಯಾರಿಗೆ ಎರಡು ದಿಂಬು ಬೇಕು ಎಂಬುದನ್ನೆಲ್ಲ ಅವನು ಒಂದೇ ದಿನದಲ್ಲಿ ಕಲಿತುಬಿಡುತ್ತಿದ್ದ. ಹಾಗೆ ಕಲಿಯುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಈ ಅಜ್ಜಿಯ ಮೇಲೆಯೇ ನನ್ನ ಮೊದಲ ಎಡವಟ್ಟು ಆದದ್ದು. ಹೊರಡುವ ಮುಂಚೆ ಆಫೀಸಿನಲ್ಲಿ ಎಲ್ಲರನ್ನೂ ಕೂರಿಸಿ ವಿವರ ಹೇಳುವ ಪದ್ಧತಿಯಿತ್ತು. ಅಲ್ಲಿ ಕೆಂಗೇರಿಯ ಹಿರಿಯರೊಬ್ಬರು ಎದ್ದು ನಿಂತು, ಹಡಗಿನಲ್ಲಿ ಮಲಗುವಾಗ ತಲೆ ಯಾವ ದಿಕ್ಕಿಗೆ ಬರುತ್ತದೆ ಎಂದು ಕೇಳಿದರು. ಉತ್ತರಕ್ಕೆ ತಲೆ ಹಾಕುವುದಾದರೆ ತಾವು ಕುರ್ಚಿಯ ಮೇಲೆ ಕೂತೇ ನಿದ್ದೆ ಮಾಡುವುದಾಗಿಯೂ ತಿಳಿಸಿದರು. ಉಳಿದವರೂ ಹೌದು ಹೌದು ಎಂದರು. ನಾನು ಜಾಣೆಯ ಹಾಗೆ ಹಡಗಿನ ನಕ್ಷೆ ಬಿಡಿಸಿದೆ. ಮಂಚದ ತಲೆಗಡೆ ಹಡಗಿನ ಮೂತಿಯ ಕಡೆಗಿದೆ, ಹಡಗು ಮುಂಬೈಯಿಂದ ದಕ್ಷಿಣಕ್ಕೆ ಹೋಗುತ್ತದೆ, ಆದ್ದರಿಂದ ಎಲ್ಲರ ತಲೆಯೂ ದಕ್ಷಿಣಕ್ಕೆ ಎಂದು ಸಾರಿದೆ. ಎಲ್ಲರಿಗೂ ಸಮಾಧಾನವಾಯಿತು. ಮಂಜುನಾಥ್ ಸಾರ್ ಎಷ್ಟು ಖುಷಿಪಟ್ಟರೆಂದರೆ ಮುಂದಿನ ಕರಪತ್ರದಲ್ಲಿ ಅದನ್ನೂ ಒಂದು ಸೌಲಭ್ಯವೆಂದು ಅಚ್ಚು ಹಾಕಿಸಿಬಿಟ್ಟರು.

ಹೋಗುವಾಗ ಎಲ್ಲರೂ ಸುಖವಾಗಿ ನಿದ್ದೆ ಮಾಡಿದರು. ಮಾರನೆಯ ದಿನ ಗೋವಾ ನೋಡಿ, ಊಟ ಮುಗಿಸಿ, ಹಡಗು ಹೊರಟಮೇಲೆ ಎಲ್ಲರೂ ಮಧ್ಯಾಹ್ನದ ನಿದ್ದೆಗೆ ಅಣಿಯಾಗುತ್ತಿದ್ದಾಗ ವೆಂಕಟರಾಮಯ್ಯನವರು ಡೆಕ್ಕಿನ ಮೇಲಿಂದ ಬಂದು ನನ್ನನ್ನು ಪಕ್ಕಕ್ಕೆ ಕರೆದರು. ಅಲ್ಲಿಯವರೆಗೆ ಅವರ ಜೊತೆ ನಾನು ಹೆಚ್ಚು ಮಾತಾಡಿರಲಿಲ್ಲ.

"ಮೇಡಂ, ನಿನ್ನೆ ಬಿಸಿಲು ನಮ್ಮ ಬಲಗಡೆಯಿಂದ ಬರ್ತಾ ಇತ್ತು. ಇವತ್ತು ಎಡಗಡೆಯಿಂದ ಬರ್ತಾ ಇದೆ," ಎಂದರು.

ನನಗೆ ಒಂದು ನಿಮಿಷ ಬೇಕಾಯಿತು. ಹಡಗು ವಾಪಸು ತಿರುಗಿತ್ತು. ಮೂವತ್ತೆಂಟು ಜನರ ತಲೆ ಉತ್ತರಕ್ಕೆ ಬಂದಿತ್ತು. ಮಂಚಗಳನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದರು. ನಾನು ಬೆವೆತು ಹೋದದ್ದನ್ನು ನೋಡಿ ಅವರಿಗೆ ನಗು. ಮಂಚ ತಿರುಗದಿದ್ದರೆ ಹಾಸಿಗೆ ತಿರುಗಿಸೋಣ ಎಂದು ಫ್ರಾನ್ಸಿಸ್‌ನನ್ನು ಕರೆದುಕೊಂಡು ಹೊರಟರು. ಒಂದೊಂದೇ ಬಾಗಿಲು ತಟ್ಟಿ, ದಿಂಬು ಕಾಲ್ಗಡೆಗೆ, ಹೊದಿಕೆ ತಲೆಗಡೆಗೆ. ಹತ್ತೊಂಬತ್ತು ಕ್ಯಾಬಿನ್ ಮುಗಿಸಲು ಇಬ್ಬರಿಗೂ ಮುಕ್ಕಾಲು ಗಂಟೆ ಸಾಕಾಯಿತು. ಸರೋಜಮ್ಮ ಬಾಗಿಲಲ್ಲಿ ನಿಂತು, "ಮನೇಲಿ ಒಂದು ಬೆಡ್‌ಶೀಟ್ ಮಡಿಚೋಲ್ಲ, ಇಲ್ಲಿ ನೋಡಿ," ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ವೆಂಕಟರಾಮಯ್ಯನವರು ಕಾರ್ಖಾನೆಯಲ್ಲಿ ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳುತ್ತಿದ್ದಿರಬಹುದು ಎಂದು ನನಗೆ ಅವತ್ತು ಅರ್ಥವಾಯಿತು. ತಪ್ಪು ಹಿಡಿದದ್ದು ಅವರು, ಆದರೆ ಅದು ನನ್ನ ತಪ್ಪೆಂದು ಯಾರಿಗೂ ಗೊತ್ತಾಗಲು ಬಿಡಲಿಲ್ಲ. ಮುಂದಿನ ಗುಂಪನ್ನು ಕರೆದುಕೊಂಡು ಹೋದಾಗ ಗೋವಾದಲ್ಲಿ ನಾವು ಊರು ನೋಡಿ ಬರುವುದರೊಳಗೆ ಫ್ರಾನ್ಸಿಸ್ ಎಲ್ಲ ಹಾಸಿಗೆಗಳನ್ನೂ ತಾನೇ ತಿರುಗಿಸಿ ಇಟ್ಟಿದ್ದ. ಯಾಕೆ ಎಂದು ಅವನು ಯಾವತ್ತೂ ಕೇಳಲಿಲ್ಲ.

ಚಿಕ್ಕಮ್ಮ ಸಿಂಗಪುರದಿಂದ ಹೊರಡುವವಳು. ಚೆಲುವೆ ಯಾರು ಎಂದು ಕೇಳಿದರೆ ನಾನು ಈಗಲೂ ಚಿಕ್ಕಮ್ಮನ ಹೆಸರನ್ನೇ ಹೇಳುತ್ತೇನೆ. ಒಂಬತ್ತು ಅಂತಸ್ತು, ನಡುವೆ ಮೂರು ಮಹಡಿ ಎತ್ತರಕ್ಕೆ ಗಾಜಿನ ತೂಗುದೀಪ, ಒಂದು ಪುಸ್ತಕದ ಕೋಣೆ. ಹಡಗಿನ ಸುತ್ತಲೂ ಜಗುಲಿಯಂಥ ಒಂದು ದಾರಿ. ಬೆಳಿಗ್ಗೆ ನಾಲ್ಕು ಸುತ್ತು ಹಾಕಿದರೆ ವಾಕಿಂಗ್ ಆಯಿತು, ಎಲ್ಲಿ ಸುಸ್ತಾಯಿತೋ ಅಲ್ಲಿ ಕೂರಲು ಬೆತ್ತದ ಕುರ್ಚಿ. ನಮ್ಮವರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಬೇಕು ಎಂದು ಮೊದಲೇ ಬರೆದಿದ್ದೆ. ಅಡುಗೆಮನೆಯ ಮುಖ್ಯಸ್ಥ ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಅದಕ್ಕೆಂದೇ ಬೇರೆ ತೆಗೆದಿಟ್ಟ ಪಾತ್ರೆ, ಸೌಟು, ಚಾಕುಗಳನ್ನು ತೋರಿಸಿದರು. ಒಂದೊಂದಕ್ಕೂ ಹಸಿರು ದಾರ ಕಟ್ಟಿಸಿದ್ದರು. ಸಾರು ನಮ್ಮ ಮನೆಯ ಸಾರಿನ ಹಾಗಿರಲಿಲ್ಲ ನಿಜ, ಆದರೆ ಆ ದಾರ ನೋಡಿದಮೇಲೆ ಯಾರೂ ಎರಡನೇ ಮಾತಾಡಲಿಲ್ಲ.

ಚಿಕ್ಕಮ್ಮನ ಮೇಲೆ ಒಂದು ಸಂಜೆ ಕ್ಯಾಪ್ಟನ್ ಜೊತೆ ಊಟ. ಗಂಡಸರು ಕೋಟು, ಟೈ ಹಾಕಿ ಬರಬೇಕು ಎಂದು ನಿಯಮ. ಅದನ್ನು ಹೇಳಲು ನಾನು ಮರೆತಿದ್ದೆ. ವೆಂಕಟರಾಮಯ್ಯನವರು ಜರಿಯ ಪಂಚೆ, ಕರಿಯ ಕ್ಲೋಸ್ ಕೋಟು, ಮೈಸೂರು ಪೇಟ ಧರಿಸಿ ಬಂದರು. ಬಾಗಿಲಲ್ಲಿದ್ದ ಯುವಕ ತಡವರಿಸಿದ. ಒಳಗಿನಿಂದ ಹಿರಿಯ ಮೇಲ್ವಿಚಾರಕರು ಬಂದು ಒಂದು ಸಲ ಇವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ತಲೆ ಬಾಗಿಸಿದರು, ನೇರವಾಗಿ ಕ್ಯಾಪ್ಟನ್ ಪಕ್ಕದ ಮೇಜಿಗೆ ಕರೆದುಕೊಂಡು ಹೋದರು. ಆ ರಾತ್ರಿ ಎಲ್ಲರೂ ಫೋಟೋ ತೆಗೆಸಿಕೊಂಡದ್ದು ಇವರ ಜೊತೆಯೇ. ಬಟ್ಟೆಯ ನಿಯಮ ಯಾತಕ್ಕಾಗಿ ಇದೆ ಎಂದು ತಿಳಿದ ಅಧಿಕಾರಿ ಅವರು. ಅಂಥವರ ಕೈಕೆಳಗೆ ಕೆಲಸ ಕಲಿಯುವ ಅವಕಾಶ ಸಿಕ್ಕರೆ ಬಿಡಬೇಡಿ.

ಆವತ್ತೇ ಇನ್ನೊಂದು ಸಣ್ಣ ಸಂಗತಿ ನಡೆಯಿತು. ಕ್ಯಾಪ್ಟನ್ ಕೈ ಕುಲುಕಿದಾಗ ವೆಂಕಟರಾಮಯ್ಯನವರು ತಮ್ಮ ಹೆಸರು ಹೇಳಿ, ಹೆಂಡತಿಯ ಕಡೆ ಕೈ ತೋರಿಸಿ, ಇವರು ನನ್ನ ಹೆಂಡತಿ ಎಂದು ಇಂಗ್ಲಿಷಿನಲ್ಲಿ ಶುರುಮಾಡಿ ನಿಂತುಬಿಟ್ಟರು. ಹೆಸರು ಬರಲಿಲ್ಲ. ಸರೋಜಮ್ಮ ತಾವೇ ಮುಂದೆ ಬಂದು ಕೈ ಮುಗಿದು, "ಸರೋಜ," ಎಂದರು. ದೊಡ್ಡವರ ಮುಂದೆ ಗಾಬರಿಯಾಗಿರಬೇಕು ಎಂದುಕೊಂಡು ನಾನೂ ಎಲ್ಲರ ಜೊತೆ ನಕ್ಕೆ.

ಎರಡು ವರ್ಷ ಬಿಟ್ಟು ಒಂದು ಬೆಳಿಗ್ಗೆ ಸರೋಜಮ್ಮ ಒಬ್ಬರೇ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಗಂಡನನ್ನು ಪಕ್ಕದ ಮನೆಯವರ ಹತ್ತಿರ ಕೂರಿಸಿ ಬಂದಿದ್ದರು. ಡಾಕ್ಟರು ಹೇಳಿದ್ದನ್ನು ಹೇಳಿದರು. ದಿನಸಿ ತರಲು ಹೋದವರು ಮನೆಯ ದಾರಿ ಮರೆತು ನಾಯಂಡಹಳ್ಳಿಯ ಜಂಕ್ಷನ್ನಿನಲ್ಲಿ ನಿಂತಿದ್ದರಂತೆ. ಒಂದೊಂದು ದಿನ ಪೂರ್ತಿ ಸರಿಯಿರುತ್ತಾರೆ, ಒಂದೊಂದು ದಿನ ಮಗಳನ್ನೇ ಯಾರಮ್ಮ ನೀನು ಎನ್ನುತ್ತಾರಂತೆ.

"ನನ್ನನ್ನ ಇನ್ನೂ ಕೇಳಿಲ್ಲ ನಾಗರತ್ನ ಅವ್ರೇ," ಎಂದರು. "ಕೇಳೋದ್ರೊಳಗೆ ಒಂದ್ಸಲ ಕರ್ಕೊಂಡು ಹೋಗ್ಬಿಡೋಣ. ಸಮುದ್ರ ಅಂದ್ರೆ ಅವರ ಮುಖ ಈಗ್ಲೂ ಅರಳತ್ತೆ."

ಆ ಮರೆವಿನವರನ್ನು ಕರೆದುಕೊಂಡು ಹೋಗುವುದು ಬೇಡ ಎಂದು ಮಂಜುನಾಥ್ ಸಾರ್ ನೇರವಾಗಿಯೇ ಹೇಳಿದರು. ನಲವತ್ತು ಜನರ ಜವಾಬ್ದಾರಿ ಇರುವವಳಿಗೆ ಒಬ್ಬರ ಹಿಂದೆ ಓಡಲಾಗುವುದಿಲ್ಲ ಎಂಬುದು ಅವರ ವಾದ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಹಟ ಮಾಡಿ ಒಪ್ಪಿಸಿದೆ. ಅದಕ್ಕೆ ಈಗಲೂ ನನಗೆ ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪ ಇರುವುದು ಆಮೇಲೆ ಮಾಡಿದ ಎರಡು ಕೆಲಸಗಳ ಬಗ್ಗೆ.

ಒಂದು, ಹಡಗಿನ ಆಯ್ಕೆ. ಹಳೇ ಹಡಗೇ ಸಾಕಲ್ಲವೇ, ಅದು ಅವರಿಗೆ ಗೊತ್ತಿರುವುದು ಎಂದು ಸರೋಜಮ್ಮ ಕೇಳಿದರು. ಅಜ್ಜಿ ಆಗ ಇನ್ನೂ ಓಡಾಡುತ್ತಿದ್ದಳು, ಫ್ರಾನ್ಸಿಸ್ ಇನ್ನೂ ಅಲ್ಲೇ ಇದ್ದ. ಆದರೆ ಆ ವರ್ಷ ಸೊಸೆ ಹೊಸದಾಗಿ ಬಂದಿದ್ದಳು, ನನಗೆ ಅವಳ ಮೋಹ ಹತ್ತಿತ್ತು. ನಿಜ ಹೇಳಬೇಕೆಂದರೆ ಯಾರಿಗಾದರೂ ಹತ್ತುತ್ತದೆ. ಹದಿನಾರು ಅಂತಸ್ತು. ಒಳಗೆ ಅಂಗಡಿ ಬೀದಿ, ಸಾವಿರ ಜನ ಕೂರುವ ನಾಟಕಶಾಲೆ, ನೀರಿನ ಜಾರುಬಂಡೆ, ಸಮುದ್ರದ ಮೇಲೆ ಚಾಚಿಕೊಂಡ ಗಾಜಿನ ಸೇತುವೆ, ಮೇಲಿನಿಂದ ಕೆಳಗಿನವರೆಗೆ ಹರಿದಾಡುವ ಗಾಜಿನ ಲಿಫ್ಟುಗಳು. ಬಿಸಿಬೇಳೆಬಾತ್ ಸಿಗುವ ಕೌಂಟರ್ ಬೇರೆ ಇತ್ತು, ಅದೂ ಬಾಯಿಗಿಡುವ ಹಾಗಿತ್ತು. ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಗೊತ್ತಾಗದಷ್ಟು ಮೌನ. ಒಂದೇ ಸಲ ಹೋಗುವುದಾದರೆ ಒಳ್ಳೆಯದರಲ್ಲೇ ಹೋಗಬೇಕು ಎಂದು ನಾನು ಸರೋಜಮ್ಮನವರಿಗೆ ಹೇಳಿದೆ. ಬಾಲ್ಕನಿ ಇರುವ ಕ್ಯಾಬಿನ್ ಕೊಡಿಸುತ್ತೇನೆ, ಕೂತಲ್ಲೇ ಸಮುದ್ರ ಎಂದೆ. ಅವರು ನನ್ನನ್ನು ನಂಬಿದರು.

ಇನ್ನೊಂದು, ಅರ್ಜಿ. ಹಡಗಿನ ಕಂಪನಿಯ ಅರ್ಜಿಯಲ್ಲಿ ಪ್ರಯಾಣಿಕರಿಗೆ ವಿಶೇಷ ನೆರವು ಬೇಕೇ ಎಂದು ಒಂದು ಖಾನೆ ಇರುತ್ತದೆ. ವೀಲ್‌ಚೇರು ಬೇಕಾದವರಿಗೆ ಮಾತ್ರ ಅದು ಎಂದುಕೊಂಡಿದ್ದೆವು. ಮರೆವು ಎಂದು ಬರೆದರೆ ಎಲ್ಲಿ ಬೇಡ ಎಂದುಬಿಡುತ್ತಾರೋ ಎಂದು ನನಗೂ ಸರೋಜಮ್ಮನವರಿಗೂ ಹೆದರಿಕೆ. ಖಾಲಿ ಬಿಟ್ಟೆ.

ಸೊಸೆಯ ಮೇಲೆ ಮೊದಲ ದಿನ ಬಹಳ ಚೆನ್ನಾಗಿತ್ತು. ಒಂಬತ್ತನೇ ಅಂತಸ್ತಿನ ಬಾಲ್ಕನಿಯಲ್ಲಿ ಇಬ್ಬರೂ ಸಂಜೆಯವರೆಗೆ ಕೂತಿದ್ದರು. ನಾನು ನೋಡಲು ಹೋದಾಗ ವೆಂಕಟರಾಮಯ್ಯನವರು ನನ್ನನ್ನು ಗುರುತಿಸಿ, ಈ ಸಲ ದಕ್ಷಿಣ ಯಾವ ಕಡೆ ಮೇಡಂ ಎಂದು ಕೇಳಿದರು. ಸರೋಜಮ್ಮನವರ ಮುಖ ನೋಡಬೇಕಿತ್ತು. ನನ್ನ ಆಯ್ಕೆ ಸರಿಯಾಯಿತು ಎಂದು ಬೀಗಿಕೊಂಡು ಹೊರಗೆ ಬಂದೆ.

ಎರಡನೇ ದಿನ ಬೆಳಿಗ್ಗೆ ತಿಂಡಿ ಮುಗಿದಮೇಲೆ ಗಂಡನನ್ನು ಒಂದು ಸೋಫಾದ ಮೇಲೆ ಕೂರಿಸಿ ಸರೋಜಮ್ಮ ಮಾತ್ರೆ ತರಲು ಕ್ಯಾಬಿನ್ನಿಗೆ ಹೋದರು. ತಿರುಗಿ ಬರುವಷ್ಟರಲ್ಲಿ ಅವರಿರಲಿಲ್ಲ. ನನಗೆ ತೊಂದರೆಯಾಗಬಾರದು ಎಂದು ಆಕೆ ಒಬ್ಬರೇ ಒಂದು ಗಂಟೆ ಹುಡುಕಿದ್ದಾರೆ. ಆಮೇಲೆ ನನ್ನ ಹತ್ತಿರ ಬಂದರು. ನಾವಿಬ್ಬರೂ ಇನ್ನೊಂದು ಗಂಟೆ ಹುಡುಕಿದೆವು. ಆಗ ನನ್ನ ಕಣ್ಣಿಗೆ ಸೊಸೆಯ ಇನ್ನೊಂದು ರೂಪ ಕಂಡಿತು. ಹದಿನಾರು ಅಂತಸ್ತಿಗೂ ಅದೇ ಬೂದು ಕಾರ್ಪೆಟ್, ಅದೇ ಬಿಳಿ ಬಾಗಿಲು, ಅದೇ ದೀಪ. ಯಾರೋ ದೊಡ್ಡ ವಿನ್ಯಾಸಕಾರರು ಹಾಗೆ ಬೇಕೆಂದೇ ಮಾಡಿದ್ದು, ನಾನೂ ಅದನ್ನು ಹೊಗಳಿ ಗಿರಾಕಿಗಳಿಗೆ ತೋರಿಸಿದ್ದೆ. ಬಾಗಿಲು ತೆರೆಯುವ ಕಾರ್ಡು ವೆಂಕಟರಾಮಯ್ಯನವರ ಜೇಬಿನಲ್ಲೇ ಇತ್ತು. ಆದರೆ ಕಳ್ಳರ ಕೈಗೆ ಸಿಕ್ಕರೆ ಕಷ್ಟ ಎಂದು ಈಗಿನ ಕಾರ್ಡಿನ ಮೇಲೆ ಕ್ಯಾಬಿನ್ ನಂಬರು ಹಾಕುವುದಿಲ್ಲ. ಎಂಜಿನ್ನಿನ ಸದ್ದು ಕೂಡ ಇಲ್ಲವಾದ್ದರಿಂದ ಹಡಗಿನ ಮುಂದುಗಡೆ ಯಾವುದು, ಹಿಂದುಗಡೆ ಯಾವುದು ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಅಂಚಿನ ಕಂಬಿಯ ಹತ್ತಿರ ಹೋದಾಗಲೆಲ್ಲ ಸರೋಜಮ್ಮ ಕೆಳಗೆ ನೀರಿನ ಕಡೆ ಒಂದು ಸಲ ನೋಡಿ ಬೇಗ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಕೊನೆಗೆ ಸಹಾಯ ಕೇಂದ್ರಕ್ಕೆ ಹೋಗಿ, ಗ್ರೇಸ್ ಎಂಬ ಫಿಲಿಪೀನ್ಸಿನ ಅಧಿಕಾರಿಯ ಮುಂದೆ ಎಲ್ಲವನ್ನೂ ಹೇಳಿದೆ. ಖಾಲಿ ಬಿಟ್ಟ ಖಾನೆಯ ವಿಷಯವನ್ನೂ ಹೇಳಿದೆ. ನನ್ನ ಮಗಳ ವಯಸ್ಸಿನವಳು ಆಕೆ. ಬೈಯಲಿಲ್ಲ, ಮುಖ ಕೂಡ ಗಂಟಿಕ್ಕಲಿಲ್ಲ. ಹಡಗು ಹತ್ತುವಾಗ ತೆಗೆದ ಅವರ ಫೋಟೋ ಎರಡೇ ನಿಮಿಷದಲ್ಲಿ ಸಾವಿರಕ್ಕೂ ಹೆಚ್ಚು ಸಿಬ್ಬಂದಿಯ ಫೋನಿಗೆ ಹೋಯಿತು. ಬಟ್ಟೆಯ ಬಣ್ಣ, ಎತ್ತರ ಎಲ್ಲ ಕೇಳಿದಮೇಲೆ ಆಕೆ ಇನ್ನೊಂದು ಪ್ರಶ್ನೆ ಕೇಳಿದಳು. ಮನೆಯಲ್ಲಿ ಸುಮ್ಮನಿರುವಾಗ ಅವರು ಏನು ಮಾಡುತ್ತಾರೆ? ನಾನು ಅದನ್ನು ಕನ್ನಡದಲ್ಲಿ ಕೇಳಿದೆ. ಯಾರಿಗಾದರೂ ಏನಾದರೂ ಮಾಡಿಕೊಡುತ್ತಿರುತ್ತಾರೆ ಎಂದರು ಸರೋಜಮ್ಮ. ಗ್ರೇಸ್ ಅದನ್ನೂ ಬರೆದಳು. ಈ ಪ್ರಶ್ನೆಯನ್ನು ನೀವು ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಹದಿನೆಂಟು ವರ್ಷದಲ್ಲಿ ಯಾವ ಗಿರಾಕಿಯನ್ನೂ ನಾನು ಅದನ್ನು ಕೇಳಿರಲಿಲ್ಲ.

ಅಷ್ಟರಲ್ಲೇ ಉತ್ತರ ಬಂತು. ಮಧ್ಯದ ಲಿಫ್ಟುಗಳ ಹತ್ತಿರ ನೆಲ ಒರೆಸುವವನೊಬ್ಬ ಫೋಟೋ ನೋಡಿ, ಈ ಹಿರಿಯರು ಬೆಳಿಗ್ಗೆಯಿಂದ ಲಿಫ್ಟಿನಲ್ಲೇ ಇದ್ದಾರೆ, ಎಲ್ಲರಿಗೂ ಬಟನ್ ಒತ್ತಿಕೊಡುತ್ತಿದ್ದಾರೆ ಎಂದು ಬರೆದಿದ್ದ. ಲಿಫ್ಟು ನಡೆಸುವ ಹಿರಿಯರು ತುಂಬ ಸಭ್ಯಸ್ಥರು ಎಂದು ಪ್ರಯಾಣಿಕರೊಬ್ಬರು ಸಹಾಯ ಕೇಂದ್ರಕ್ಕೆ ಬಂದು ಹೊಗಳಿ ಹೋಗಿದ್ದರಂತೆ. ಸೊಸೆಯಲ್ಲಿ ಲಿಫ್ಟು ನಡೆಸುವವರೆಂದು ಯಾರೂ ಇಲ್ಲ.

ಅದಾದಮೇಲಿನ ಮೂರು ದಿನ ಹೇಗೆ ಕಳೆಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಲಿಫ್ಟಿನ ವಿಷಯ ಬರೆದಮೇಲೆ ಬೇರೇನೂ ಬರೆಯುವ ಮನಸ್ಸಾಗುವುದಿಲ್ಲ. ಗ್ರೇಸ್ ವೆಂಕಟರಾಮಯ್ಯನವರ ಕೈಗೆ ಒಂದು ಗುರುತಿನ ಪಟ್ಟಿ ಕಟ್ಟಿಸಿದಳು. ಅವರ ಬಾಗಿಲಿಗೆ ಎದ್ದು ಕಾಣುವ ಹಳದಿ ಕಾಗದದ ಹೂ ಅಂಟಿಸಿದಳು. ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಬಂದು ಅವರನ್ನು ಡೆಕ್ಕಿಗೆ ಕರೆದುಕೊಂಡು ಹೋಗಿ ಬರುತ್ತಿದ್ದರು. ಆ ಖಾನೆ ತುಂಬಿದ್ದರೆ ಇದೆಲ್ಲ ಮೊದಲ ದಿನದಿಂದಲೇ ಸಿಗುತ್ತಿತ್ತು. ದೊಡ್ಡ ಹಡಗಿಗೆ ಹೃದಯವಿಲ್ಲ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಜ್ಜಿಯ ಮೇಲೆ ಫ್ರಾನ್ಸಿಸ್ ನೀವು ಹೇಳದೆಯೇ ತಿಳಿದುಕೊಳ್ಳುತ್ತಿದ್ದ. ಸೊಸೆಗೆ ನೀವು ಹೇಳಬೇಕು, ಹೇಳಿದರೆ ಅವಳೂ ಅಷ್ಟೇ ಮಾಡುತ್ತಾಳೆ. ಮೇಘನಾ, ನಿನ್ನ ಪಟ್ಟಿಯಲ್ಲಿ ಹಡಗುಗಳ ಹೆಸರಿತ್ತು, ಹೋಗುವವರ ಹೆಸರಿರಲಿಲ್ಲ. ಹೋಗುವವರು ಯಾರು ಎಂದು ಗೊತ್ತಿಲ್ಲದೆ ನಾನು ನಕ್ಷತ್ರ ಕೊಡುವುದು ಹೇಗೆ?

ಉತ್ತರ ಬಂದ ಕೂಡಲೇ ನಾವಿಬ್ಬರೂ ಲಿಫ್ಟಿನ ಹತ್ತಿರ ಹೋಗಿ ನಿಂತೆವು. ಗಾಜಿನಲ್ಲಿ ವೆಂಕಟರಾಮಯ್ಯನವರು ಮೇಲಿನಿಂದ ಇಳಿದು ಬರುವುದು ಕಾಣಿಸಿತು. ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಬಟನ್‌ಗಳ ಪಕ್ಕ ನೆಟ್ಟಗೆ ನಿಂತಿದ್ದರು. ಬಾಗಿಲು ತೆರೆದಾಗ ಒಳಗಿದ್ದ ನಾಲ್ಕು ಜನ ಅವರಿಗೆ ಥ್ಯಾಂಕ್ಸ್ ಹೇಳಿ ಇಳಿದರು. ಸರೋಜಮ್ಮ ಒಳಗೆ ಹೋದರು, ಅವರ ಹಿಂದೆ ನಾನು.

"ಏನ್ರೀ," ಎಂದರು ಸರೋಜಮ್ಮ.

ಅವರು ತಿರುಗಿದರು. ಆಕೆಯ ಮುಖವನ್ನು ಸರಿಯಾಗಿಯೇ ನೋಡಿದರು.

"ಯಾವ ಫ್ಲೋರ್ ಅಮ್ಮಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ಸರೋಜಮ್ಮ ನನ್ನ ಕೈ ಹಿಡಿದು ಒತ್ತಿದರು.

"ಒಂಬತ್ತು," ಎಂದರು.

ಅವರು ಒಂಬತ್ತನ್ನು ಒತ್ತಿದರು. ಲಿಫ್ಟು ಏರತೊಡಗಿತು. ಕನ್ನಡ ಕೇಳಿ ಅವರಿಗೆ ಧೈರ್ಯ ಬಂದಿರಬೇಕು, ಸ್ವಲ್ಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಮಾತಾಡಿದರು.

"ನೀವು ನಮ್ಮ ಕಡೆಯವರೇ, ಒಳ್ಳೇದಾಯ್ತು. ನಮ್ಮ ಫ್ಲೋರ್ ಯಾವ್ದು ಅಂತ ಮರ್ತೋಗಿದೆ. ಈ ವಯಸ್ಸಲ್ಲಿ ಇನ್ನೊಬ್ಬರನ್ನ ಕೇಳೋಕೆ ನಾಚಿಕೆ ನೋಡಿ. ಬಂದವರನ್ನೆಲ್ಲ ಯಾವ ಫ್ಲೋರ್ ಅಂತ ಕೇಳ್ತಾ ಇದ್ರೆ, ಯಾರಾದ್ರೂ ನಮ್ಮದನ್ನ ಹೇಳ್ತಾರೆ, ಕೇಳಿದ ತಕ್ಷಣ ಗೊತ್ತಾಗತ್ತೆ ಅಂದ್ಕೊಂಡೆ. ಬೆಳಿಗ್ಗೆಯಿಂದ ಕೇಳ್ತಾ ಇದೀನಿ."

ಸರೋಜಮ್ಮ ತಲೆಯಾಡಿಸಿದರು.

"ಮನೆಯವಳು ಒಬ್ಬಳೇ ಇದಾಳೆ," ಎಂದರು ಅವರು. "ಸರೋಜ ಅಂತ. ನಾನು ಹೋಗೋವರೆಗೂ ಊಟ ಮಾಡಲ್ಲ ಅವಳು."

ಒಂಬತ್ತರಲ್ಲಿ ಬಾಗಿಲು ತೆರೆಯಿತು. ಅವರು ಕೈಯಡ್ಡ ಹಿಡಿದು ಬಾಗಿಲು ಮುಚ್ಚದಂತೆ ನಿಲ್ಲಿಸಿ, ಹೆಂಗಸರು ಮೊದಲು ಇಳಿಯಲಿ ಎಂದು ಪಕ್ಕಕ್ಕೆ ಸರಿದರು. ಸರೋಜಮ್ಮ ಇಳಿದು, ಸೆರಗು ಸರಿಮಾಡಿಕೊಂಡು, ಅವರ ಕಡೆ ತಿರುಗಿದರು.

"ಸರೋಜ ನಂಗೆ ಗೊತ್ತು," ಎಂದರು. "ಬನ್ನಿ, ಅವರ ಹತ್ರ ಕರ್ಕೊಂಡು ಹೋಗ್ತೀನಿ."